ಎರಡನೆಯ ಸಾಲಿನ ಹೆಸರುಗಳು

ಶ್ರಾವಣ ಕಾಲಿಟ್ಟಿತೆಂದರೆ ಹೊಸಪೇಟೆ, ಕಂಪ್ಲಿ, ಸಂಡೂರುಗಳ ಶಾಲಾ ಮೈದಾನಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ. ಪಂದ್ಯಗಳು ಇನ್ನೂ ಆರಂಭವಾಗಿರುವುದಿಲ್ಲ; ಅಂಕಣದ ಸುಣ್ಣದ ಗೆರೆಗಳನ್ನೂ ಎಳೆದಿರುವುದಿಲ್ಲ. ಆದರೂ ಮೈದಾನದ ಅಂಚಿನ ಬೇವಿನ ಮರದ ಕೆಳಗೆ, ಚಹಾದ ಅಂಗಡಿಯ ಬೆಂಚಿನ ಮೇಲೆ ತಂಡಗಳು ಆಗಲೇ ರಚನೆಯಾಗಿ, ಗೆದ್ದು, ಸೋತು ಮುಗಿದಿರುತ್ತವೆ. ಈ ಸಲ ದಾಳಿಗೆ ಯಾರು? ಮೂಲೆಯಲ್ಲಿ ನಿಂತು ಹಿಡಿಯುವವರು ಯಾರು? ಕಳೆದ ವರ್ಷ ಹತ್ತನೆಯ ತರಗತಿಯಲ್ಲಿದ್ದವರು ಹೊರಟುಹೋದರಲ್ಲ, ಅವರ ಸ್ಥಾನಕ್ಕೆ ಬರುವವರು ಯಾರು? ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಈ ಚರ್ಚೆಯಲ್ಲಿ ಪಾಲ್ಗೊಳ್ಳದವರು ವಿರಳವೆಂದೇ ಹೇಳಬೇಕು.

ಈ ಮಾತುಕತೆಯಲ್ಲಿ ಒಂದು ವಿಶೇಷವನ್ನು ಗಮನಿಸಬಹುದು. ಖಚಿತವಾಗಿ ಆಡುವವರ ಬಗೆಗಿನ ಮಾತು ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ; ಸಂಜೆಯವರೆಗೂ ಮುಂದುವರಿಯುವುದು ಹೊರಗೆ ಕುಳಿತುಕೊಳ್ಳಬೇಕಾದವರನ್ನು ಕುರಿತ ಮಾತು. ಕಬಡ್ಡಿಯಲ್ಲಿ ಹನ್ನೆರಡು ಮಂದಿಯ ಪಟ್ಟಿಯಿಂದ ಅಂಕಣಕ್ಕಿಳಿಯುವವರು ಏಳು ಜನ. ಖೋ ಖೋದಲ್ಲಿ ಹನ್ನೆರಡರಲ್ಲಿ ಒಂಬತ್ತು. ವಾಲಿಬಾಲ್‌ನಲ್ಲಿ ಹನ್ನೆರಡರಲ್ಲಿ ಆರು. ಉಳಿದವರನ್ನು ನಾವು ‘ಕಾಯ್ದಿರಿಸಿದ ಆಟಗಾರರು’ ಎನ್ನುತ್ತೇವೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಂಧುಗಳು ಊರಿಗೆ ಬಂದಾಗ ಅಲ್ಲಿನ ಕಾಲೇಜು ಫುಟ್‌ಬಾಲ್‌ನ ಹುಚ್ಚನ್ನು ವರ್ಣಿಸುವುದುಂಟು. ಅಲ್ಲಿಯೂ ಆಗಸ್ಟ್ ತಿಂಗಳಲ್ಲಿ, ಋತು ಆರಂಭವಾಗುವ ಮುನ್ನ, ಇದೇ ಕಥೆಯಂತೆ. ಮೈದಾನದಲ್ಲಿ ಹನ್ನೊಂದು ಜನರಿದ್ದರೂ ಆಕ್ರಮಣಕ್ಕೆ ಒಂದು ಪಡೆ, ರಕ್ಷಣೆಗೆ ಇನ್ನೊಂದು, ಚೆಂಡನ್ನು ಒದೆಯುವ ಸಂದರ್ಭಗಳಿಗೆ ಮತ್ತೊಂದು. ಪ್ರತಿಯೊಂದು ಸ್ಥಾನದ ಎದುರಿಗೆ ಮೊದಲನೆಯ ಹೆಸರು, ಅದರ ಕೆಳಗೆ ಎರಡನೆಯ ಹೆಸರು, ಕೆಲವೊಮ್ಮೆ ಮೂರನೆಯದು. ಇದಕ್ಕೆ ಅವರು ‘ಡೆಪ್ತ್ ಚಾರ್ಟ್’ ಎಂದು ಕರೆಯುತ್ತಾರೆ. ತಂಡದ ಆಳವನ್ನು ತೋರಿಸುವ ಪಟ್ಟಿ ಎಂದು ಅರ್ಥ. ಅಭಿಮಾನಿಗಳ ವಾಗ್ವಾದವೆಲ್ಲ ಆ ಎರಡನೆಯ ಹೆಸರಿನ ಸುತ್ತಲೇ ನಡೆಯುತ್ತದೆ.

ಇತಿಹಾಸ ಪಾಠ ಮಾಡಿದ ನನಗೆ ಇದು ಹೊಸ ವಿಚಾರವೆಂದು ತೋರುವುದಿಲ್ಲ. ನಮ್ಮ ತುಂಗಭದ್ರೆಯ ತೀರದ 1327ರಿಂದ 1565ರವರೆಗಿನ ಚರಿತ್ರೆಯನ್ನು ಇದೊಂದೇ ಪ್ರಶ್ನೆಯ ಬೆಳಕಿನಲ್ಲಿ ಓದಬಹುದು: ಮೊದಲನೆಯ ಸಾಲು ಕುಸಿದಾಗ ಎರಡನೆಯ ಸಾಲಿನಲ್ಲಿ ಯಾರಿದ್ದರು?

ಕಂಪ್ಲಿಯಿಂದಲೇ ಆರಂಭಿಸೋಣ. ಕಂಪಿಲರಾಯನ ಮಗ ಕುಮಾರರಾಮನ ಕಥೆಯನ್ನು ನಂಜುಂಡ ಕವಿಯೇ ಮೊದಲಾದವರು ಸಾಂಗತ್ಯದಲ್ಲಿ ಹಾಡಿದ್ದಾರೆ. ನಮ್ಮ ಭಾಗದ ಜನಪದರು ಇಂದಿಗೂ ಮರೆತಿಲ್ಲ. ಆ ಕಥೆಯ ಅನರ್ಥಕ್ಕೆಲ್ಲ ಮೂಲ ಒಂದು ಚೆಂಡು. ಗೆಳೆಯರೊಡನೆ ಆಡುತ್ತಿದ್ದಾಗ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬಿದ್ದಿತು. ಅದನ್ನು ತರಲು ಹೋದ ರಾಮನ ಮೇಲೆ ಆಕೆ ಮೋಹಗೊಂಡಳು. ಅವನು ಒಪ್ಪದಿರಲು ಸುಳ್ಳು ದೂರು ಹೊರಿಸಿದಳು. ಮಗನ ತಲೆ ಕತ್ತರಿಸಲು ಅಪ್ಪಣೆ ಮಾಡಿದ ಕಂಪಿಲರಾಯನಿಗೆ ಮಂತ್ರಿ ಬೈಚಪ್ಪ ಬೇರೊಂದು ತಲೆಯನ್ನು ತೋರಿಸಿ, ರಾಮನನ್ನು ಗುಟ್ಟಾಗಿ ಅಡಗಿಸಿಟ್ಟನು. ದೆಹಲಿಯ ಸೈನ್ಯ ಬಂದು ಕೋಟೆ ಮುತ್ತಿ, ರಾಜ್ಯ ಕೈತಪ್ಪುವ ಗಳಿಗೆಯಲ್ಲಿ ಆ ಅಡಗಿದ ವೀರನನ್ನು ಹೊರಗೆ ತಂದರು. ಕಥೆಯ ರೋಮಾಂಚನವೆಲ್ಲ ಆ ಒಂದು ಸಂದರ್ಭದಲ್ಲಿದೆ. ಎದುರಾಳಿಯ ಲೆಕ್ಕದಲ್ಲಿ ಇಲ್ಲದ ಹೆಸರೊಂದು ಬೈಚಪ್ಪನ ಪಟ್ಟಿಯಲ್ಲಿತ್ತು.

ಇದು ಕಾವ್ಯ. ಚರಿತ್ರೆ ಇದಕ್ಕಿಂತ ಕಠೋರ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಶಾಸ್ಪನಿಗೆ ಕಂಪಿಲರಾಯ ಆಶ್ರಯವಿತ್ತನು. ಶರಣು ಬಂದವನನ್ನು ಒಪ್ಪಿಸಲು ನಿರಾಕರಿಸಿ 1327ರಲ್ಲಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನು. ಸಂಡೂರಿನ ಬೆಟ್ಟಸಾಲಿನಲ್ಲಿರುವ ರಾಮನದುರ್ಗವನ್ನು ವಿದ್ವಾಂಸರು ಆ ಕಥೆಯ ಹೊಸಮಲೆದುರ್ಗವೆಂದು ಗುರುತಿಸುತ್ತಾರೆ. ಅಂದು ಮೊದಲನೆಯ ಸಾಲು ಪೂರ್ತಿಯಾಗಿ ಬಿದ್ದುಹೋಯಿತು. ಆದರೆ ಒಂದು ಪರಂಪರೆಯ ಪ್ರಕಾರ ಕಂಪಿಲಿಯ ಭಂಡಾರದ ಸೇವೆಯಲ್ಲಿದ್ದ ಹರಿಹರ ಮತ್ತು ಬುಕ್ಕ ಎಂಬ ಸಹೋದರರು ಅದೇ ಹೊಳೆಯ ದಂಡೆಯಲ್ಲಿ, ಒಂಬತ್ತು ವರ್ಷಗಳ ಬಳಿಕ, 1336ರಲ್ಲಿ ವಿಜಯನಗರಕ್ಕೆ ಅಡಿಪಾಯ ಹಾಕಿದರು. ಈ ಪರಂಪರೆಯನ್ನು ಒಪ್ಪುವುದಾದರೆ, ಯಾರೂ ಗಮನಿಸದ ಎರಡನೆಯ ಸಾಲಿನಿಂದಲೇ ಒಂದು ಸಾಮ್ರಾಜ್ಯ ಹುಟ್ಟಿತು.

ಆ ಸಾಮ್ರಾಜ್ಯದ ಋತು ಆರಂಭವಾಗುತ್ತಿದ್ದುದು ಮಹಾನವಮಿಯಿಂದ. ಮಳೆಗಾಲ ಮುಗಿದು, ಹಾದಿಗಳು ಒಣಗಿ, ದಂಡಯಾತ್ರೆಗೆ ಕಾಲ ಕೂಡಿಬರುವ ಹೊತ್ತು ಅದು. ಹಂಪಿಯ ಮಹಾನವಮಿ ದಿಬ್ಬವನ್ನು ನೀವೆಲ್ಲರೂ ಶಾಲಾ ಪ್ರವಾಸದಲ್ಲಿ ನೋಡಿದ್ದೀರಿ. ಅದರ ಗೋಡೆಗಳ ಮೇಲೆ ಕುದುರೆ, ಆನೆ, ನರ್ತಕಿಯರ ಜೊತೆಗೆ ಮಲ್ಲಯುದ್ಧದ ಶಿಲ್ಪಗಳೂ ಇವೆ. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆ ಹಬ್ಬವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಹಬ್ಬದ ಬಳಿಕ ನಗರದ ಹೊರಗೆ ಇಡೀ ಸೈನ್ಯವನ್ನು ಸಾಲಾಗಿ ನಿಲ್ಲಿಸಿ ಅರಸನು ಪರಿಶೀಲಿಸುತ್ತಿದ್ದನು. ಗುರಾಣಿ ಹಿಡಿದವರು, ಬಿಲ್ಲುಗಾರರು, ಬಂದೂಕುಧಾರಿಗಳು, ಅಲಂಕರಿಸಿದ ಕುದುರೆಗಳು, ಆನೆಗಳು, ಹೀಗೆ ಒಂದೊಂದು ಪಡೆಗೆ ಒಂದೊಂದು ಸ್ಥಾನ. ಕಂಡದ್ದು ನಿಜವೋ ಕನಸೋ ಎಂದು ತನಗೇ ಭ್ರಮೆಯಾಯಿತೆಂದು ಪಾಯಸ್ ಹೇಳುತ್ತಾನೆ. ಅರಸನು ಮೂರು ದಿಕ್ಕಿಗೆ ಮೂರು ಬಾಣಗಳನ್ನು ಬಿಡುತ್ತಿದ್ದನಂತೆ. ಯಾವ ಬಾಣ ಹೆಚ್ಚು ದೂರ ಹೋಯಿತೋ ಆ ಕಡೆಗೆ ಆ ವರ್ಷದ ಯುದ್ಧ. ಆ ಸಂಜೆ ರಾಜಧಾನಿಯ ಪೇಟೆಬೀದಿಗಳಲ್ಲಿ ಯಾವ ಮಾತು ನಡೆದಿರಬಹುದೆಂದು ಊಹಿಸಲು ನಮಗೆ ಕಷ್ಟವಾಗಬಾರದು.

ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನೂನಿಜ್ ಅರಮನೆಯ ಮಲ್ಲರ ಲೆಕ್ಕವನ್ನೂ ಕೊಡುತ್ತಾನೆ: ಸಾವಿರ ಮಂದಿ, ಅವರಿಗೊಬ್ಬ ನಾಯಕ, ಮಲ್ಲಯುದ್ಧವಲ್ಲದೆ ರಾಜ್ಯದಲ್ಲಿ ಅವರಿಗೆ ಬೇರೆ ಯಾವ ಊಳಿಗವೂ ಇಲ್ಲ. ಪಾತ್ರ ನಿಶ್ಚಿತವಾಗಿತ್ತು. 1520ರ ರಾಯಚೂರು ದಂಡಯಾತ್ರೆಯ ಅವನ ವಿವರಣೆಯಂತೂ ಒಂದು ತಂಡದ ಪಟ್ಟಿಯಂತೆಯೇ ಇದೆ. ಯಾವ ನಾಯಕನ ಕೈಕೆಳಗೆ ಎಷ್ಟು ಕಾಲಾಳು, ಎಷ್ಟು ಕುದುರೆ, ಎಷ್ಟು ಆನೆ ಎಂಬುದನ್ನು ಒಂದೊಂದಾಗಿ ಹೇಳುತ್ತಾನೆ. ಅರಸನಿಗೆ ವೀಳ್ಯ ಕೊಡುವ ಊಳಿಗದವನಿಗೂ ಅದರಲ್ಲಿ ಒಂದು ಪಡೆಯಿದೆ. ಕೂಡಿಸಿದರೆ ಏಳು ಲಕ್ಷ ಕಾಲಾಳು, 32 ಸಾವಿರಕ್ಕೂ ಮೇಲ್ಪಟ್ಟ ಕುದುರೆ, 551 ಆನೆ. ಈ ಅಂಕಿಗಳು ಉತ್ಪ್ರೇಕ್ಷಿತವೆಂಬುದು ಇತಿಹಾಸಕಾರರಲ್ಲಿ ಸಾಮಾನ್ಯವಾದ ಅಭಿಪ್ರಾಯ. ನಾವೂ ಅವನ್ನು ಅಕ್ಷರಶಃ ನಂಬಬೇಕಾಗಿಲ್ಲ. ನನ್ನ ಗಮನ ಸೆಳೆಯುವುದು ಪಟ್ಟಿಯ ಕೊನೆಯ ಭಾಗ. ಸೈನ್ಯಕ್ಕಿಂತ ಮೂರು ನಾಲ್ಕು ಹರಿದಾರಿ ಮುಂದೆ ಹೋಗಿ ದಾರಿ ನೋಡುವ ಬೇಹಿನವರು, ಅಗಸರು, ವ್ಯಾಪಾರಿಗಳು, ಕುಶಲಕರ್ಮಿಗಳು, ಮತ್ತು ದಾರಿಯುದ್ದಕ್ಕೂ ಚರ್ಮದ ಚೀಲಗಳಲ್ಲಿ ನೀರು ಹೊತ್ತು ನಿಂತ ಹನ್ನೆರಡು ಸಾವಿರ ಮಂದಿ. ಬೇಸಿಗೆಯ ರಾಯಚೂರಿನ ಬಿಸಿಲನ್ನು ಬಲ್ಲವರಿಗೆ ಆ ನೀರಿನವರ ಬೆಲೆ ಬೇರೆಯಾಗಿ ಹೇಳಬೇಕಾಗಿಲ್ಲ.

ಯುದ್ಧದ ದಿನ ಅರಸನು ಸೈನ್ಯವನ್ನು ಏಳು ಭಾಗಗಳಾಗಿ ಮಾಡಿದ್ದನು. ಮೊದಲನೆಯ ಪಡೆ ಮುನ್ನುಗ್ಗಿ ಬಿಜಾಪುರದವರನ್ನು ಹಿಮ್ಮೆಟ್ಟಿಸಿತು. ಆಗ ಇಸ್ಮಾಯಿಲ್ ಆದಿಲ್ ಶಾಹನ ಫಿರಂಗಿಗಳೆಲ್ಲ ಒಮ್ಮೆಗೇ ಗರ್ಜಿಸಿದವು. ಮೊದಲನೆಯ ಪಡೆ ಚದುರಿ ಓಡತೊಡಗಿತು, ಶತ್ರುಗಳು ಬೆನ್ನಟ್ಟಿದರು. ಬಹಳಷ್ಟು ಯುದ್ಧಗಳು ಇಂತಹ ಗಳಿಗೆಯಲ್ಲಿ ಮುಗಿದುಹೋಗುತ್ತವೆ. ಆದರೆ ಕೃಷ್ಣದೇವರಾಯ ಎರಡನೆಯ ಪಡೆಯಲ್ಲಿದ್ದನು. ನೂನಿಜ್ ಹೇಳುವಂತೆ ಅವನು ತನ್ನ ಉಂಗುರವನ್ನು ತೆಗೆದು, ತಾನು ಮಡಿದರೆ ರಾಣಿಯರಿಗೆ ಗುರುತಾಗಿ ತೋರಿಸಲೆಂದು ಊಳಿಗದ ಹುಡುಗನ ಕೈಗೆ ಕೊಟ್ಟು, ಕುದುರೆಯೇರಿ, ಉಳಿದ ಪಡೆಗಳೊಡನೆ ಮುಂದೆ ನಡೆದನು. ಬೆನ್ನಟ್ಟುವ ಭರದಲ್ಲಿ ಚೆದುರಿದ್ದ ಶತ್ರುಗಳು ಆ ಹೊಡೆತವನ್ನು ತಾಳದೆ ಕೃಷ್ಣಾ ನದಿಯವರೆಗೂ ಹಿಮ್ಮೆಟ್ಟಿದರು. ಬಳಿಕ ಕೋಟೆಯ ಮುತ್ತಿಗೆಯಲ್ಲಿ ಕ್ರಿಸ್ಟೊವಾವ್ ಡಿ ಫಿಗೆರೆಡೊ ಎಂಬ ಪೋರ್ಚುಗೀಸನೂ ಅವನ ಇಪ್ಪತ್ತು ಮಂದಿ ಬಂದೂಕುಗಾರರೂ ಗೋಡೆಯ ಮೇಲಿನ ಕಾವಲುಗಾರರಿಗೆ ಗುರಿಯಿಟ್ಟರು. ಆ ಮರೆಯಲ್ಲಿ ಗೋಡೆ ಕೆಡಹುವವರು ಸಮೀಪಿಸಿದರು. ಲಕ್ಷಗಳ ಲೆಕ್ಕದ ನಡುವೆ ಇಪ್ಪತ್ತು ಜನರಿಗೂ ಒಂದು ಪಾತ್ರವಿತ್ತು.

ನಲವತ್ತೈದು ವರ್ಷಗಳ ತರುವಾಯ, 1565ರ ಜನವರಿಯಲ್ಲಿ, ರಕ್ಕಸತಂಗಡಿಯ ಯುದ್ಧದಲ್ಲಿ ಸಂಖ್ಯೆಗೆ ಕೊರತೆಯಿರಲಿಲ್ಲ. ವಯೋವೃದ್ಧನಾದ ರಾಮರಾಯ ಮಧ್ಯದಲ್ಲಿ. ತಮ್ಮಂದಿರಾದ ತಿರುಮಲ, ವೆಂಕಟಾದ್ರಿ ಇಕ್ಕೆಲಗಳಲ್ಲಿ. ರಾಮರಾಯ ಸೆರೆಸಿಕ್ಕನು, ಅವನ ತಲೆಯನ್ನು ಕತ್ತರಿಸಿ ಎತ್ತಿ ತೋರಿಸಿದರು. ಅಷ್ಟಕ್ಕೇ ಸೈನ್ಯ ಒಡೆದುಹೋಯಿತು. ಸೋಲಿಗೆ ಕಾರಣಗಳು ಹಲವು. ಫಿರಂಗಿಯ ಬಲ, ಸುಲ್ತಾನರ ಒಗ್ಗಟ್ಟು, ರಾಮರಾಯನದೇ ರಾಜನೀತಿ. ಆದರೂ ಒಂದು ಸಂಗತಿ ಸ್ಪಷ್ಟ. ‘ಇನ್ನು ನನ್ನ ಹಿಂದೆ ಬನ್ನಿ’ ಎಂದು ಆ ಗಳಿಗೆಯಲ್ಲಿ ಹೇಳಬಲ್ಲ ಎರಡನೆಯ ಹೆಸರು ರಣರಂಗದಲ್ಲಿರಲಿಲ್ಲ. ತಿರುಮಲನು ರಾಜಧಾನಿಗೆ ಮರಳಿ, ಸದಾಶಿವರಾಯನನ್ನೂ ಭಂಡಾರವನ್ನೂ ಕೊಂಡು ಪೆನುಕೊಂಡೆಗೆ ಹೊರಟನು. ರಾಜ್ಯ ಅಲ್ಲಿ ಮುಂದುವರಿಯಿತು, ನಿಜ. ಹಂಪಿ ಮಾತ್ರ ತಿಂಗಳುಗಟ್ಟಲೆ ಲೂಟಿಗೀಡಾಯಿತು. ತಂಡ ದೊಡ್ಡದಾಗಿರುವುದು ಬೇರೆ, ಆಳವಾಗಿರುವುದು ಬೇರೆ ಎಂಬುದಕ್ಕೆ ನಮ್ಮೂರಿನ ಪಕ್ಕದಲ್ಲೇ ಇಪ್ಪತ್ತಾರು ಚದರ ಕಿಲೋಮೀಟರಿಗೂ ಮೀರಿ ಹರಡಿದ ಸಾಕ್ಷ್ಯ ಬಿದ್ದಿದೆ.

ಯುದ್ಧದ ಮಾತು ಸಾಕು. ಆಟದ ಕಡೆಗೆ ಮರಳೋಣ. 1973ರ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವೆಂದು ಹೆಸರು ಪಡೆಯಿತು. ಅದೇ ಋತುವಿನಲ್ಲಿ ಪ್ರಸನ್ನರ ನಾಯಕತ್ವದ ನಮ್ಮ ಕ್ರಿಕೆಟ್ ತಂಡವು ಸತತ ಹದಿನೈದು ವರ್ಷ ರಣಜಿ ಟ್ರೋಫಿ ಗೆದ್ದಿದ್ದ ಮುಂಬಯಿಯನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಹಿಂದಿಕ್ಕಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ, ಮೊದಲ ಬಾರಿಗೆ ಪ್ರಶಸ್ತಿ ತಂದಿತು. ಆಗ ಬಾಲಕನಾಗಿದ್ದ ನನಗೆ ವಿಶ್ವನಾಥ್, ಚಂದ್ರಶೇಖರ್ ಅವರ ಹೆಸರುಗಳಷ್ಟೇ ಗೊತ್ತಿದ್ದವು. ಸ್ಪಿನ್ನರುಗಳಾದ ಪ್ರಸನ್ನ, ಚಂದ್ರಶೇಖರ್ ಇವರಿಬ್ಬರ ಜೊತೆಗೆ ಎಡಗೈ ಸ್ಪಿನ್ನರ್ ವಿಜಯಕೃಷ್ಣ ಎಂಬ ಮೂರನೆಯ ಹೆಸರೂ ಇತ್ತೆಂಬುದರ ಮಹತ್ವ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ತೊಂಬತ್ತರ ದಶಕದ ಕಥೆ ಇನ್ನೂ ಬೋಧಪ್ರದವಾದುದು. ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್, ದ್ರಾವಿಡ್ ಭಾರತ ತಂಡದ ಕರೆಗೆ ಓಗೊಟ್ಟು ಮೇಲಿಂದ ಮೇಲೆ ಹೊರಟುಹೋಗುತ್ತಿದ್ದರು. ಋತುವಿನ ಆರಂಭದಲ್ಲಿ ಅಭಿಮಾನಿಗಳೆಲ್ಲರದೂ ಒಂದೇ ಪ್ರಶ್ನೆ: ಇವರಿಲ್ಲದೆ ಆಡುವವರು ಯಾರು? ಉತ್ತರವಾಗಿ 1995-96, 1997-98, 1998-99ರಲ್ಲಿ ರಣಜಿ ಟ್ರೋಫಿ ಕರ್ನಾಟಕದ ಪಾಲಾಯಿತು. ಬೆಂಗಳೂರಿನಲ್ಲಿ ನಡೆದ 1999ರ ಫೈನಲ್‌ನಲ್ಲಿ ಮಧ್ಯಪ್ರದೇಶಕ್ಕೆ ಮೊದಲ ಇನಿಂಗ್ಸ್ ಮುನ್ನಡೆ ದೊರೆತಿತ್ತು. ಪಂದ್ಯ ಡ್ರಾ ಆಗಿದ್ದರೂ ಟ್ರೋಫಿ ಅವರದೇ. ಕೊನೆಯ ದಿನ ಆರು ವಿಕೆಟ್ ಕಿತ್ತು ಗೆಲುವು ತಂದವರು ವಿಜಯ್ ಭಾರದ್ವಾಜ್, ಮುಖ್ಯವಾಗಿ ಬ್ಯಾಟ್ಸ್‌ಮನ್ ಎಂದೇ ಪಟ್ಟಿಯಲ್ಲಿದ್ದವರು. ಕರೆ ಬಂದಾಗ ತನ್ನದಲ್ಲದ ಪಾತ್ರವನ್ನೂ ಹೊರಬಲ್ಲವನಿದ್ದರೆ ತಂಡಕ್ಕೆ ಆಳವಿದೆಯೆಂದು ಅರ್ಥ.

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಹೊಸಪೇಟೆ ಅದರ ಕೇಂದ್ರವಾಯಿತು. ಕಂಪ್ಲಿ, ಸಂಡೂರುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಹಿಂದೆ ಒಂದೇ ಜಿಲ್ಲಾ ತಂಡಕ್ಕಾಗಿ ಸ್ಪರ್ಧಿಸುತ್ತಿದ್ದ ಮಕ್ಕಳು ಈಗ ಎರಡು ತಂಡಗಳಲ್ಲಿ ಎದುರುಬದುರಾಗುತ್ತಾರೆ. ಹಿಂದೆ ಹೊರಗೆ ಕುಳಿತುಕೊಳ್ಳಬೇಕಾಗಿದ್ದ ಎಷ್ಟೋ ಮಕ್ಕಳಿಗೆ ಇದರಿಂದ ಅಂಕಣದೊಳಗೆ ಸ್ಥಾನ ದೊರೆಯುತ್ತದೆ. ಆದರೆ ಪಟ್ಟಿ ಎರಡಾದರೂ ಪ್ರತಿಯೊಂದರಲ್ಲಿಯೂ ಎಂಟನೆಯ ಹೆಸರು ಇದ್ದೇ ಇರುತ್ತದೆ.

ನನ್ನ ಸೇವಾವಧಿಯಲ್ಲಿ ಅಂತಹ ಮಕ್ಕಳನ್ನು ಬಹಳ ಮಂದಿಯನ್ನು ಕಂಡಿದ್ದೇನೆ. ಒಬ್ಬ ಹುಡುಗನಂತೂ ಮೂರು ವರ್ಷ ಸಮವಸ್ತ್ರ ತೊಟ್ಟು ಅಂಚಿನಲ್ಲೇ ಕುಳಿತಿದ್ದನು. ಆಡುವವರ ಬಟ್ಟೆ ಕಾಯ್ದನು, ನೀರು ತಂದನು, ಎದುರಾಳಿ ಯಾವ ಕಾಲನ್ನು ಮೊದಲು ಚಾಚುತ್ತಾನೆಂಬುದನ್ನು ನೋಡಿ ನೋಡಿ ತನ್ನವರಿಗೆ ಹೇಳಿಕೊಟ್ಟನು. ಅಂಕಣಕ್ಕಿಳಿಯುವ ಅವಕಾಶ ಅವನಿಗೆ ಬರಲೇ ಇಲ್ಲ. ಶಾಲೆಯ ಗೋಡೆಯ ಮೇಲಿನ ಛಾಯಾಚಿತ್ರದಲ್ಲಿ ಏಳು ಮಂದಿ ಇದ್ದಾರೆ, ಅವನಿಲ್ಲ. ಇಂದು ಅವನು ಒಂದು ಊರಿನಲ್ಲಿ ದೈಹಿಕ ಶಿಕ್ಷಕ. ತನ್ನ ತಂಡದ ಛಾಯಾಚಿತ್ರಕ್ಕೆ ಹನ್ನೆರಡು ಮಂದಿಯನ್ನೂ ನಿಲ್ಲಿಸುತ್ತಾನೆಂದು ಕೇಳಿ ಸಂತೋಷವಾಯಿತು.

ನೀವೀಗ ತಂದೆತಾಯಿಗಳಾಗಿದ್ದೀರಿ, ಕೆಲವರು ಅಜ್ಜ ಅಜ್ಜಿಯರೂ ಆಗಿದ್ದೀರಿ. ಈ ವರ್ಷ ಮಗು ಮೈದಾನದಿಂದ ಬಂದು ‘ನನ್ನನ್ನು ಹೊರಗೆ ಕೂರಿಸಿದರು’ ಎಂದು ಮುಖ ಸಣ್ಣದು ಮಾಡಿಕೊಂಡರೆ ‘ಹೋಗಲಿ ಬಿಡು’ ಎನ್ನಬೇಡಿರಿ. ರಾಯಚೂರಿನ ಎರಡನೆಯ ಪಡೆಯ ಕಥೆಯನ್ನು ಹೇಳಿರಿ. ಆಮೇಲೆ ಮರುದಿನದ ಅಭ್ಯಾಸಕ್ಕೆ ಹೊತ್ತಿಗೆ ಸರಿಯಾಗಿ ಎಬ್ಬಿಸಿ ಕಳುಹಿಸಿರಿ.