ಎಪ್ಪತ್ತೆರಡು ಪದಕ್ಕೊಂದು ರೇಟು.. ಇಂಗ್ಲೆಂಡಿನ ಮನೆಪತ್ರದ ವಕೀಲರ ಕಥೆ

ಇಂಗ್ಲೆಂಡಿನಲ್ಲಿ ಕೆಲಸಕ್ಕಿರುವ ನಮ್ಮವರು ಮನೆ ಕೊಳ್ಳಲು ಹೊರಟರೆ, ಮನೆ ಸಿಕ್ಕಿದ ಮೇಲೆ ಶುರುವಾಗುವ ತಲೆನೋವು ಸಾಲಿಸಿಟರ್ ಹುಡುಕೋದು. ಅಲ್ಲಿರುವ ಗೆಳೆಯನೊಬ್ಬ ಈಚೆಗೆ ಕೇಳಿದ: "ಎಸ್ಟೇಟ್ ಏಜೆಂಟು ಒಬ್ಬರ ಹೆಸರು ಕೊಟ್ಟು ಇವರನ್ನೇ ಹಿಡ್ಕೊಳ್ಳಿ ಅಂತಿದ್ದಾನೆ. ಒಂದು ಪತ್ರ ಮಾಡಿಸೋಕೆ ಇಷ್ಟು ದುಡ್ಡು ಯಾಕೋ? ನಮ್ಮೂರಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂತಿರೋ ಪತ್ರ ಬರಹಗಾರ ಮಾಡ್ಕೊಡ್ತಾನಲ್ಲ?"

ಪ್ರಶ್ನೆ ನೆಟ್ಟಗಿದೆ. ಉತ್ತರ ಹುಡುಕಿದರೆ 1804ಕ್ಕೆ ಹೋಗಿ ನಿಲ್ಲುತ್ತದೆ.

ಅದಕ್ಕೂ ಹಿಂದೆ ಅಲ್ಲೂ ಪತ್ರ ಬರಹಗಾರರಿದ್ದರು. ಸ್ಕ್ರಿವನರ್ ಅಂತ ಕರೀತಿದ್ದರು. ಕವಿ ಮಿಲ್ಟನ್ನನ ಅಪ್ಪ ಲಂಡನ್ನಿನಲ್ಲಿ ಇದೇ ಕಸುಬು ಮಾಡಿಕೊಂಡಿದ್ದವನು. ಪತ್ರ ಬರೆಯೋದು, ಸಾಲ ಕೊಡಿಸೋದು, ಎಲ್ಲ ಒಂದೇ ಅಂಗಡಿಯಲ್ಲಿ. ಹದಿನೆಂಟನೇ ಶತಮಾನದಲ್ಲಿ ವಕೀಲರು ಇವರ ಜಾಗಕ್ಕೆ ನುಗ್ಗಿದರು. ಆಮೇಲೆ ನೆಪೋಲಿಯನ್ ಜೊತೆಗಿನ ಯುದ್ಧ ಬಂತು, ಖಜಾನೆಗೆ ದುಡ್ಡು ಬೇಕಾಯಿತು. 1804ರಲ್ಲಿ ಪ್ರಧಾನಿ ಕಿರಿಯ ಪಿಟ್ ಸ್ಟ್ಯಾಂಪ್ ಕಾಯಿದೆ ತಂದು ವಕೀಲರು ಕಟ್ಟಬೇಕಿದ್ದ ತೆರಿಗೆ ಏರಿಸಿದ. ಅದೇ ಕಾಯಿದೆಯಲ್ಲಿ ಇನ್ನೊಂದು ಕಲಮು: ಹಣ ಪಡೆದು ಆಸ್ತಿ ಪತ್ರ ಬರೆಯೋದು ಇನ್ನು ಕಾನೂನು ವೃತ್ತಿಯವರಿಗೆ ಮಾತ್ರ. ತೆರಿಗೆ ಏರಿಸಿದ್ದಕ್ಕೆ ಕೊಟ್ಟ ಸಮಾಧಾನ ಅಂತಲೇ ಇತಿಹಾಸಕಾರರು ಇದನ್ನು ನೋಡೋದು. ಮನೆ ಕೊಳ್ಳುವವನ ಹಿತ ಕಾಯೋಕೆ ಮಾಡಿದ ಕಾನೂನು ಅಂತೂ ಅಲ್ಲ.

ಗಮನಿಸಿ, ನಿಷೇಧ ಇದ್ದದ್ದು ದುಡ್ಡಿಗೆ ಮಾಡೋದಕ್ಕೆ. ನಿಮ್ಮ ಪತ್ರ ನೀವೇ ಬರೆದುಕೊಂಡರೆ ಯಾರೂ ಕೇಳುವಂತಿರಲಿಲ್ಲ.

ಈಗ ತಮಾಷೆಯ ಭಾಗ. ವಕೀಲರ ಶುಲ್ಕ ಪತ್ರದ ಉದ್ದದ ಮೇಲೆ! 72 ಪದಕ್ಕೆ ಒಂದು 'ಫೋಲಿಯೋ', ಫೋಲಿಯೋಗೆ ಇಷ್ಟು ಅಂತ ಲೆಕ್ಕ. ಕೋಡಿನ ಸಾಲು ಎಣಿಸಿ ಸಂಬಳ ಕೊಟ್ಟರೆ ನಾವು ಎಂಥ ಪ್ರೋಗ್ರಾಮ್ ಬರೀತೀವಿ ಅಂತ ಯೋಚಿಸಿ, ಅವರೂ ಅಂಥದ್ದನ್ನೇ ಬರೆದರು :) ಒಂದೇ ಕ್ರಿಯೆಗೆ ನಾಲ್ಕು ಕ್ರಿಯಾಪದ, ಒಂದೇ ಹೊಲಕ್ಕೆ ಹತ್ತು ಹೆಸರು. 1881ರಲ್ಲಿ ಪಾರ್ಲಿಮೆಂಟು ಎರಡು ಕಾಯಿದೆ ಮಾಡಿತು. ಒಂದರಿಂದ ಮಾಮೂಲಿ ಷರತ್ತುಗಳನ್ನು ಪ್ರತಿ ಪತ್ರದಲ್ಲೂ ಬರೆಯದಿದ್ದರೂ ಇವೆ ಅಂತಲೇ ಆಯಿತು. ಇನ್ನೊಂದರಿಂದ ಶುಲ್ಕ ಆಸ್ತಿಯ ಬೆಲೆಯ ಮೇಲೆ ನಿಗದಿಯಾಯಿತು. ಪತ್ರ ಗಿಡ್ಡವಾಯಿತು. ಆದರೆ ಈ ನಿಗದಿತ ದರದಿಂದ ಇನ್ನೊಂದು ತೊಂದರೆ: ವಕೀಲರ ನಡುವೆ ಬೆಲೆಯ ಪೈಪೋಟಿಯೇ ಇಲ್ಲ. 1972ರ ಆದೇಶದಲ್ಲಿ ಹೋಗುವವರೆಗೆ ಅದು ಹಾಗೇ ನಡೆಯಿತು.

ವಕೀಲರ ಪರವಾಗಿಯೂ ಒಂದು ಮಾತು ಹೇಳಬೇಕು. ಮಾರುವವನಿಗೆ ಮಾರುವ ಹಕ್ಕಿದೆಯಾ ಅಂತ ನೋಡೋದು ನಿಜಕ್ಕೂ ಕಷ್ಟದ ಕೆಲಸವಾಗಿತ್ತು. ಸರ್ಕಾರದ ದಾಖಲೆ ಇಲ್ಲ, ಹಳೇ ಪತ್ರಗಳ ಕಟ್ಟೇ ಗತಿ. ಹಿಂದೆ 60 ವರ್ಷದ ಪತ್ರ ನೋಡೋದು ರೂಢಿ. ಅದು 1874ರಲ್ಲಿ 40ಕ್ಕೆ, 1925ರಲ್ಲಿ 30ಕ್ಕೆ, 1969ರಲ್ಲಿ 15ಕ್ಕೆ ಇಳಿಯಿತು. ಬೆಂಗಳೂರಿನಲ್ಲಿ ಸೈಟು ಕೊಂಡವರಿಗೆ ಮೂವತ್ತು ವರ್ಷದ ಇ.ಸಿ., ಮೂಲ ಪತ್ರ ಅಂತ ಓಡಾಡಿದ್ದು ನೆನಪಾಗಬಹುದು.

ಹಾಗಾದರೆ ಸರ್ಕಾರವೇ ಒಂದು ಪುಸ್ತಕದಲ್ಲಿ ಯಾರದ್ದು ಯಾವ ಜಮೀನು ಅಂತ ಬರೆದಿಟ್ಟರೆ? 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟಾರೆನ್ಸ್ ಅದನ್ನೇ ಮಾಡಿಸಿದ. ಆತ ವಕೀಲನಲ್ಲ, ಕಸ್ಟಮ್ಸ್ ಇಲಾಖೆಯಲ್ಲಿ ಇದ್ದವನು. ವಕೀಲರು ವಿರೋಧಿಸಿದ್ದೂ ಆಯಿತು. ಇಂಗ್ಲೆಂಡಿನಲ್ಲಿ 1862ರಲ್ಲೇ ಲ್ಯಾಂಡ್ ರಿಜಿಸ್ಟ್ರಿ ತೆರೆದರು, ಆದರೆ ನೋಂದಣಿ ಮಾಲೀಕರ ಇಷ್ಟಕ್ಕೆ ಬಿಟ್ಟಿದ್ದರಿಂದ ಬಂದವರು ಕಡಿಮೆ. 1897ರಲ್ಲಿ ಕಡ್ಡಾಯ ಮಾಡಲು ಹೊರಟಾಗ ಸಾಲಿಸಿಟರುಗಳು ಬಲವಾಗಿ ಅಡ್ಡ ನಿಂತರು. ಮೊದಲಿಗೆ ಅದು ಲಂಡನ್ನಿಗೆ ಮಾತ್ರ ದಕ್ಕಿತು. ಇಡೀ ಇಂಗ್ಲೆಂಡ್ ಮತ್ತು ವೇಲ್ಸಿಗೆ ಕಡ್ಡಾಯವಾದದ್ದು 1990ರ ಡಿಸೆಂಬರಿನಲ್ಲಿ! ಅಷ್ಟು ವರ್ಷ ತಡವಾದದ್ದಕ್ಕೆ ವಕೀಲರೊಬ್ಬರೇ ಕಾರಣ ಅನ್ನಲಾರೆ, ಆದರೆ ಅವರ ಪಾಲು ಸಣ್ಣದಲ್ಲ.

ಕೋಟೆ ಒಳಗಿನಿಂದ ಬಿರುಕು ಬಿಟ್ಟಿತು. 1976ರಲ್ಲಿ ಮೈಕೆಲ್ ಜೋಸೆಫ್ ಎಂಬ ಸಾಲಿಸಿಟರೇ 'ದಿ ಕನ್ವೆಯನ್ಸಿಂಗ್ ಫ್ರಾಡ್' ಅಂತ ಪುಸ್ತಕ ಬರೆದು ತಾನೇ ಪ್ರಕಟಿಸಿದ. ನೋಂದಣಿಯಾದ ಮನೆಯ ಪತ್ರದ ಕೆಲಸ ಬಹುಪಾಲು ಫಾರಂ ತುಂಬೋದು, ನೀವೇ ಮಾಡಿಕೊಳ್ಳಬಹುದು ಅನ್ನೋದು ಅವನ ವಾದ. ಸರ್ಕಾರ ನೇಮಿಸಿದ ರಾಯಲ್ ಕಮಿಷನ್ ಮಾತ್ರ 1979ರಲ್ಲಿ ವಕೀಲರ ಏಕಸ್ವಾಮ್ಯ ಇರಲಿ ಎಂದಿತು. ಬಿಡಲಿಲ್ಲ ಗ್ರಿಮ್ಸ್ಬಿಯ ಸಂಸದ ಆಸ್ಟಿನ್ ಮಿಚೆಲ್. 1983ರಲ್ಲಿ ಖಾಸಗಿ ಮಸೂದೆ ಮಂಡಿಸಿದರು. ಅವರು ಲೇಬರ್ ಪಕ್ಷದವರು, ಆಳುತ್ತಿದ್ದದ್ದು ಥ್ಯಾಚರ್. ಆದರೂ ಸರ್ಕಾರ ನಾವೇ ಕಾನೂನು ತರ್ತೀವಿ ಅಂತ ಒಪ್ಪಿಕೊಳ್ಳಬೇಕಾಯಿತು. 1984ರಲ್ಲಿ ಸಾಲಿಸಿಟರುಗಳಿಗೆ ಜಾಹೀರಾತು ಕೊಡಲು ಬಿಟ್ಟರು. 1985ರ ಕಾಯಿದೆಯಿಂದ 'ಲೈಸೆನ್ಸ್ಡ್ ಕನ್ವೆಯನ್ಸರ್' ಎಂಬ ಹೊಸ ವೃತ್ತಿ ಹುಟ್ಟಿತು, 1987ರಲ್ಲಿ ಮೊದಲ ಲೈಸೆನ್ಸ್ ಕೊಟ್ಟರು. ಪೈಪೋಟಿ ಬರುತ್ತದೆ ಅಂತ ಗೊತ್ತಾದದ್ದೇ ತಡ, ಅವರು ಬರುವ ಮೊದಲೇ ಸಾಲಿಸಿಟರುಗಳ ದರ ಇಳಿಯತೊಡಗಿತ್ತು.

ಗೆಳೆಯನ ಪ್ರಶ್ನೆಗೆ ಬಂದರೆ, ಅವನ ಮುಂದೆ ಈಗ ಎರಡು ಬಗೆಯವರಿದ್ದಾರೆ, ಸಾಲಿಸಿಟರು ಮತ್ತು ಕನ್ವೆಯನ್ಸರು. 2018ರ ಡಿಸೆಂಬರಿನಿಂದ ಸಾಲಿಸಿಟರುಗಳು ಈ ಕೆಲಸದ ದರವನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಲೇಬೇಕು, ಹೋಲಿಸಿ ನೋಡಬಹುದು. ಏಜೆಂಟು ಹೇಳಿದವರನ್ನು ಹಿಡಿಯಲೇಬೇಕೆಂದಿಲ್ಲ. ಅವನು ಗಿರಾಕಿ ಕಳಿಸಿದ್ದಕ್ಕೆ ಆ ವಕೀಲರಿಂದ ಕಮಿಷನ್ ಪಡೆಯೋದು ಅಲ್ಲಿ ಮಾಮೂಲು, ಎಷ್ಟು ಅಂತ ಬಾಯಿಬಿಟ್ಟು ಕೇಳು ಅಂದೆ. "ಸರಿ, ಹಾಗಾದ್ರೆ ಮೈಕೆಲ್ ಜೋಸೆಫ್ ಥರ ನಾನೇ ಮಾಡ್ಕೊಳ್ಲಾ?" ಅಂದ. ಕಾನೂನು ಬೇಡ ಅನ್ನಲ್ಲ. ಆದರೆ ಅವನು ಕೊಳ್ತಿರೋದು ಬ್ಯಾಂಕ್ ಸಾಲದಲ್ಲಿ, ಬ್ಯಾಂಕು ತನ್ನ ಪಟ್ಟಿಯಲ್ಲಿರುವ ವಕೀಲರನ್ನೇ ಕೇಳುತ್ತದೆ. ಪೂರ್ತಿ ನಗದು ಕೊಟ್ಟು ಕೊಳ್ಳೋದಾದರೆ ಹೇಳು, ಆ ಪುಸ್ತಕದ ಹಳೇ ಪ್ರತಿ ಹುಡುಕೋಣ ಅಂದಿದ್ದೇನೆ.