ಕಾಯುವವನು

ಹೊಲ ಕಾಯುವ ರೈತ, ದನ ಕಾಯುವ ಹುಡುಗ, ಮನೆ ಕಾಯುವ ನಾಯಿ, ಗಡಿ ಕಾಯುವ ಸೈನಿಕ, ಇರುಳೆಲ್ಲ ಹೆಣ ಕಾಯುವ ಬಂಧುಗಳು, ಕಡೆಗೆ ಜಗತ್ತನ್ನೇ ಕಾಯುವ ದೇವರು, ಇವರೆಲ್ಲರಿಗೂ ಒಂದೇ ಕ್ರಿಯಾಪದವನ್ನು ಹಂಚಿಕೊಟ್ಟು, ದೊರೆಗೊಂದು ತೊತ್ತಿಗೊಂದು ಎಂದು ಭೇದವೆಣಿಸದ ಭಾಷೆ ನಮ್ಮದು. ಕೊಲ್ಲುವವನಿಗಿಂತ ಕಾಯುವವನು ದೊಡ್ಡವನೆಂಬ ಗಾದೆಯನ್ನು ಆಡುವ ಮುದುಕಿಯ ಮನಸ್ಸಿನಲ್ಲಿ ಆ ದೊಡ್ಡವನು ವೈಕುಂಠದಲ್ಲಿರುವವನೋ, ಊರಬಾಗಿಲಲ್ಲಿ ಸಿಂದೂರ ಬಳಿದುಕೊಂಡು ನಿಂತ ಆಂಜನೇಯನೋ, ಅಥವಾ ಸಕಾಲದಲ್ಲಿ ಅಡ್ಡಬಂದು ಕೈಹಿಡಿದ ನೆರೆಮನೆಯವನೋ, ಅದನ್ನು ಅವಳು ವಿಂಗಡಿಸಿ ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಅವಳಿಗೆ ತೋರುವುದಿಲ್ಲ.

ಹಳಗನ್ನಡದ ‘ಕಾ’ ಎಂಬ ಏಕಾಕ್ಷರ ಧಾತುವಿನಿಂದ ಕಾವಂ, ಕಾದಂ, ಕಾಪು, ಕಾವಲ್ ಮೊದಲಾದ ರೂಪಗಳು ಹುಟ್ಟಿ, ಕಾಪಾಡು, ಕಾಪಿಡು, ಕಾವಲುಗಾರ ಎಂದು ಇಂದಿನವರೆಗೂ ಕವಲೊಡೆಯುತ್ತ ಬಂದಿವೆ. ಈ ಧಾತುವಿಗೆ ರಕ್ಷಣೆಯ ಅರ್ಥ ಎಷ್ಟು ಸಹಜವೋ ನಿರೀಕ್ಷೆಯ ಅರ್ಥವೂ ಅಷ್ಟೇ ಸಹಜ. ಬಸ್ಸಿಗೆ ಕಾಯುವುದೂ ಬೆಳೆಯನ್ನು ಕಾಯುವುದೂ ಒಂದೇ ಬೇರಿನ ಮಾತುಗಳು. ನೀರು ಕಾಯುವ, ಬಂಡೆ ಕಾಯುವ ಕಾವು ಬೇರೆ ಧಾತುವೆಂದು ನಿಘಂಟುಕಾರರು ಪ್ರತ್ಯೇಕವಾಗಿಯೇ ನಮೂದಿಸುತ್ತಾರೆ, ಅವರ ಮಾತು ಸರಿ. ಆದರೆ ರಕ್ಷಿಸುವುದನ್ನೂ ನಿರೀಕ್ಷಿಸುವುದನ್ನೂ ಅವರು ಬೇರ್ಪಡಿಸಿಲ್ಲ, ಬೇರ್ಪಡಿಸಲಾಗದು. ಕನ್ನಡದ ಕಾವಲುಗಾರ ಮೂಲತಃ ನೋಡುವವನಲ್ಲ, ಇರುವವನು; ಕದಲದೆ, ಹೊತ್ತನ್ನು ಸಹಿಸುತ್ತ, ಬರಬೇಕಾದುದು ಬರುವವರೆಗೆ ತನ್ನ ಎಡೆಯಲ್ಲಿ ಇರುವವನು. ನಮ್ಮ ಪುರಾಣ, ಜನಪದ ಕಥೆ, ಸಿನಿಮಾಗಳಲ್ಲಿ ಬರುವ ಕಾವಲಿನ ದೈವಗಳನ್ನೂ ಪಾತ್ರಗಳನ್ನೂ ಈ ಅರ್ಥದ ಬೆಳಕಿನಲ್ಲಿ ನೋಡಿದರೆ ಅವುಗಳ ಸ್ವರೂಪ ಬೇರೆಯಾಗಿಯೇ ಕಾಣುತ್ತದೆಂಬುದು ನನ್ನ ನಂಬಿಕೆ.

ಚಿಕ್ಕಮಗಳೂರು ಜಿಲ್ಲೆಯ ಸಖರಾಯಪಟ್ಟಣದ ಬಳಿ, ಶಕುನಗಿರಿಯ ತಪ್ಪಲಿನಲ್ಲಿ, ಅಯ್ಯನಕೆರೆ ಎಂಬ ವಿಶಾಲವಾದ ಕೆರೆಯೊಂದಿದೆ. ಆ ಕೆರೆಯ ತೂಬನ್ನು ನೋಡಿಕೊಳ್ಳುತ್ತಿದ್ದ ನೀರಗಂಟಿ ಹೊನ್ನಬಿಲ್ಲನ ಕಥೆಯನ್ನು ಆ ಸೀಮೆಯ ಜನ ಹೇಳುತ್ತ ಬಂದಿದ್ದಾರೆ. ಕೆರೆಯ ಅಧಿದೇವತೆ ಒಂದು ದಿನ ಅವನ ಮುಂದೆ ಕಾಣಿಸಿಕೊಂಡು, ತಾನಿನ್ನು ಇಲ್ಲಿರಲಾರೆನೆಂದೂ ಏರಿಯನ್ನು ಒಡೆದು ಹೊರಟುಹೋಗುವೆನೆಂದೂ ತಿಳಿಸಿದಳಂತೆ. ಕೆರೆಯ ಕೆಳಗಿನ ಗದ್ದೆಗಳನ್ನೂ ಊರುಗಳನ್ನೂ ನೆನೆದು ನಡುಗಿದ ನೀರಗಂಟಿ, ‘ತಾಯಿ, ಪಟ್ಟಣಕ್ಕೆ ಹೋಗಿ ದೊರೆಗೆ ಅರಿಕೆ ಮಾಡಿ ಬರುತ್ತೇನೆ, ನಾನು ಹಿಂದಿರುಗುವವರೆಗಾದರೂ ಕಾದಿರು’ ಎಂದು ಬೇಡಿಕೊಂಡನು. ದೇವತೆ ಒಪ್ಪಿ ಮಾತು ಕೊಟ್ಟಳು. ಸುದ್ದಿಯನ್ನು ಕೇಳಿದ ದೊರೆ ಯೋಚಿಸಿದನು: ಇವನು ಹಿಂದಿರುಗುವವರೆಗೆ ಅವಳು ಕಾಯುವುದಾದರೆ, ಇವನು ಹಿಂದಿರುಗದೆಯೇ ಹೋದರೆ ಅವಳು ಎಂದೆಂದಿಗೂ ಕಾಯಬೇಕಷ್ಟೆ. ಹೊನ್ನಬಿಲ್ಲನ ತಲೆ ಅಲ್ಲಿಯೇ ಉರುಳಿತು, ಏರಿ ಉಳಿಯಿತು.

ಈ ಕಥೆಯ ಕ್ರೌರ್ಯವನ್ನು ನಾನು ಮರೆಮಾಚಲಾರೆ. ತನ್ನನ್ನು ನಂಬಿ ಓಡೋಡಿ ಬಂದ ಸೇವಕನನ್ನು ಕೊಂದ ದೊರೆಯ ಜಾಣತನವನ್ನು ಮೆಚ್ಚುವ ಬಾಯಿಗಳೂ ಉಂಟು. ನನ್ನ ಮನಸ್ಸು ಮಾತ್ರ ಆ ದಾರಿಯಲ್ಲಿ ಓಡುತ್ತಿರುವ ನೀರಗಂಟಿಯ ಕಡೆಗೇ ಹೋಗುತ್ತದೆ. ಹೊರಟುಹೋಗುವೆನೆಂದ ದೇವತೆ, ಒಬ್ಬ ಬಡ ಆಳಿಗಾಗಿ ಕಾಯುತ್ತ, ಆ ಕಾಯುವಿಕೆಯಿಂದಲೇ ಕೆರೆಯನ್ನು ಕಾಯುವವಳಾದಳು. ಒಂದೇ ಕ್ರಿಯಾಪದದ ಎರಡು ಅರ್ಥಗಳ ಸಂಧಿಯಲ್ಲಿ ಇಡೀ ಕಥೆ ನಿಂತಿದೆ. ಅವಳು ಬಂದಿಯಾದುದು ಮಂತ್ರಕ್ಕಲ್ಲ, ಬಲಿಗೂ ಅಲ್ಲ, ಕೊಟ್ಟ ಮಾತಿಗೆ.

ಶಿಲ್ಪಿಗಳಿಗೂ ಈ ರಹಸ್ಯ ತಿಳಿದಿತ್ತೆಂದು ತೋರುತ್ತದೆ. ಬಾದಾಮಿಯ ಒಂದನೆಯ ಗುಹೆಯ ಬಾಗಿಲ ಪಕ್ಕದಲ್ಲಿ ತ್ರಿಶೂಲ ಹಿಡಿದ ಶೈವ ದ್ವಾರಪಾಲಕನೊಬ್ಬ ಕೆಂಪುಕಲ್ಲಿನಿಂದ ಮೈದಳೆದು ನಿಂತಿದ್ದಾನೆ. ಅವನ ಕೆಳಗೆ ಒಂದೇ ತಲೆಯನ್ನು ಹಂಚಿಕೊಂಡ ಆನೆಯೂ ವೃಷಭವೂ ಇದ್ದು, ಒಂದನ್ನು ಕೈಯಿಂದ ಮರೆಮಾಡಿದರೆ ಮತ್ತೊಂದು ಎದ್ದುಕಾಣುವ ಆ ಚಮತ್ಕಾರವನ್ನು ನೋಡುವುದರಲ್ಲಿಯೇ ಪ್ರವಾಸಿಗರು ಮಗ್ನರಾಗುತ್ತಾರೆ. ಆದರೆ ದ್ವಾರಪಾಲಕನ ಮೈಯನ್ನು ಗಮನಿಸಿರಿ: ಅಲ್ಲಿ ಆಕ್ರಮಣದ ಉದ್ವೇಗವಿಲ್ಲ, ಬಹುಕಾಲ ನಿಲ್ಲಬೇಕಾದವನ ನಿರಾಳವಾದ ನಿಲುವು ಇದೆ. ಮುಂದಿನ ಶತಮಾನಗಳ ದ್ವಾರಪಾಲಕರು ನಾಲ್ಕು ಕೈಗಳನ್ನೂ ಕೋರೆಹಲ್ಲುಗಳನ್ನೂ ಪಡೆದು, ತರ್ಜನಿಯನ್ನೆತ್ತಿ ಗದರಿಸುವವರಾದರು. ಹಾಗಾದರೂ ಗದೆಯ ಮೇಲೆ ಕಾಲನ್ನು ಅಡ್ಡವಿಟ್ಟು ಒರಗಿ ನಿಲ್ಲುವ ಆ ಭಂಗಿಯಲ್ಲಿ, ಇನ್ನೂ ಬಹಳ ಹೊತ್ತು ಇಲ್ಲಿಯೇ ಇರಬೇಕಾದವನು ತಾನೆಂಬ ಅರಿವು ಉಳಿದೇ ಇದೆ. ಕ್ಷೇತ್ರಪಾಲನಾದ ಭೈರವನದೂ ಇದೇ ವೃತ್ತಿ. ಕಾಶಿಯಲ್ಲಿ ಅವನನ್ನು ನಗರದ ಕೊತ್ವಾಲನೆಂದೇ ಕರೆಯುತ್ತಾರೆ. ನಮ್ಮಲ್ಲಿ ಆದಿಚುಂಚನಗಿರಿಯ ಕಾಲಭೈರವನು ಕ್ಷೇತ್ರಪಾಲಕನೆಂದು ಪೂಜೆಗೊಳ್ಳುತ್ತಾನೆ. ಜೈನ ಬಸದಿಗಳ ಮುಂದಿನ ಕಂಬದ ಮೇಲೆ ಬ್ರಹ್ಮದೇವನೆಂಬ ಯಕ್ಷನು ಇದೇ ಕೆಲಸಕ್ಕೆ ಕುಳಿತಿದ್ದಾನೆ.

ಇದಕ್ಕೆ ಪ್ರತಿಯಾಗಿ, ಕೇವಲ ನೋಡುವವರ ಪರಂಪರೆಯೊಂದು ಪ್ರಾಚೀನ ಕಾಲದಿಂದಲೂ ಇದೆ. ವೇದದ ವರುಣನಿಗೆ ‘ಸ್ಪಶ’ರೆಂಬ ಚಾರರಿದ್ದಾರೆ, ಅಥರ್ವವೇದದ ಸೂಕ್ತವೊಂದರ ಪ್ರಕಾರ ಅವರು ಸಹಸ್ರಾಕ್ಷರು, ಭೂಮಿಯನ್ನೆಲ್ಲ ದಿಟ್ಟಿಸುವವರು, ಇಬ್ಬರು ಕುಳಿತು ಗುಟ್ಟಾಗಿ ಆಡಿದ ಮಾತನ್ನು ಮೂರನೆಯವನಾಗಿ ವರುಣನು ಬಲ್ಲನು, ಮನುಷ್ಯರ ಕಣ್ಣೆವೆಗಳು ಬಡಿದುಕೊಳ್ಳುವುದು ಕೂಡ ಅವನ ಎಣಿಕೆಯಲ್ಲಿದೆ. ಭಯವನ್ನೂ ಭಕ್ತಿಯನ್ನೂ ಒಟ್ಟಿಗೆ ಹುಟ್ಟಿಸುವ ಭವ್ಯ ಕಲ್ಪನೆ ಇದು. ಯೆಹೂದ್ಯರ ಪುರಾತನ ಸಾಹಿತ್ಯದಲ್ಲಿ, ಇಥಿಯೋಪಿಯಾದ ಗೀಝ್ ಭಾಷೆಯಲ್ಲಿ ಪೂರ್ಣವಾಗಿ ಉಳಿದುಬಂದಿರುವ ಹನೋಕನ ಗ್ರಂಥದಲ್ಲಿ, ‘ಎಚ್ಚರವಾಗಿರುವವರು’ ಎಂಬ ಹೆಸರಿನ ದೇವದೂತರ ಕಥೆ ಬರುತ್ತದೆ. ಅವರಲ್ಲಿ 200 ಮಂದಿ ಮಾನವ ಸ್ತ್ರೀಯರಿಗೆ ಮರುಳಾಗಿ, ತಮ್ಮ ಉನ್ನತ ಸ್ಥಾನವನ್ನು ತೊರೆದು ಹೆರ್ಮೋನ್ ಪರ್ವತದ ಮೇಲೆ ಇಳಿದರು. ಕತ್ತಿ ಮಾಡುವುದನ್ನೂ ಒಡವೆ ಮಾಡುವುದನ್ನೂ ಮನುಷ್ಯರಿಗೆ ಕಲಿಸಿದರು. ಭೂಮಿ ಹಿಂಸೆಯಿಂದ ತುಂಬಿತು. ಅವರ ಪತನದ ಮೊದಲ ಹೆಜ್ಜೆ ಸ್ಥಾನವನ್ನು ಬಿಟ್ಟದ್ದು. ನಮ್ಮ ಹಳ್ಳಿಯ ತಳವಾರನಿಗೆ ಈ ಕಥೆಯನ್ನು ಹೇಳಿದರೆ ಅವನಿಗೆ ವ್ಯಾಖ್ಯಾನ ಬೇಕಾಗದು.

1963ರಲ್ಲಿ ಅಮೆರಿಕದ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ತಮ್ಮ ‘ಫೆಂಟಾಸ್ಟಿಕ್ ಫೋರ್’ ಕಾಮಿಕ್ಸಿನಲ್ಲಿ ಸೃಷ್ಟಿಸಿದ ಊಆಟು ಎಂಬ ಪಾತ್ರವೂ ನೋಡುವವರ ಪಂಕ್ತಿಗೇ ಸೇರಿದವನು. ಚಂದ್ರನ ಮೇಲೆ ನೆಲೆಸಿ, ಭೂಲೋಕದ ವ್ಯವಹಾರಗಳನ್ನೆಲ್ಲ ನೋಡುವ, ಆದರೆ ಯಾವುದರಲ್ಲಿಯೂ ಕೈಹಾಕೆನೆಂದು ಶಪಥ ತೊಟ್ಟ ಮಹಾಕಾಯ ಅವನು. ಅವನು ಶಪಥವನ್ನು ಮುರಿದು ಮನುಷ್ಯರ ನೆರವಿಗೆ ಬರುವ ಪ್ರಸಂಗಗಳೇ ಓದುಗರಿಗೆ ಪ್ರಿಯವಾದದ್ದು ಸಹಜವೇ ಆಗಿದೆ. ಕನ್ನಡದಲ್ಲಿ ಇಂಥವನಿಗೆ ಸಾಕ್ಷಿಯೆಂದೇವು, ಕಾವಲುಗಾರನೆನ್ನಲಾರೆವು. ಒಂದೇ ಮರದಲ್ಲಿ ಕುಳಿತ ಎರಡು ಹಕ್ಕಿಗಳಲ್ಲಿ ಹಣ್ಣನ್ನು ತಿನ್ನದೆ ಸುಮ್ಮನೆ ನೋಡುವ ಉಪನಿಷತ್ತಿನ ಹಕ್ಕಿಯದು ಸಾಕ್ಷಿಯ ಪದವಿ. ಅದು ಮೋಕ್ಷಾಪೇಕ್ಷಿಗೆ ಬೇಕಾದುದು, ಜೋಳದ ತೆನೆಗೆ ಬೇಕಾದುದಲ್ಲ.

ಕಾಯುವವನ ಧರ್ಮವನ್ನು ಅದರ ಪರಮಾವಧಿಗೆ ಒಯ್ದು ಪರೀಕ್ಷಿಸಿದ ಕವಿ ರಾಘವಾಂಕ. 13ನೆಯ ಶತಮಾನದ ಅವನ ಹರಿಶ್ಚಂದ್ರಕಾವ್ಯದಲ್ಲಿ ಸೂರ್ಯವಂಶದ ಚಕ್ರವರ್ತಿ ಹರಿಶ್ಚಂದ್ರನು ಸುಡುಗಾಡಿನ ಒಡೆಯ ವೀರಬಾಹುವಿನ ಆಳಾಗಿ ಅದನ್ನು ಕಾಯುತ್ತಾನೆ. ಆಳುವುದೂ ಕಾಯುವುದೇ ಎಂದು ನಮ್ಮ ರಾಜನೀತಿ ಸಾರುತ್ತದೆ, ರಾಜನು ಭೂಪಾಲನಷ್ಟೆ. ಆ ಭೂಪಾಲನ ಪಾಲಿಗೆ ಭೂಮಿಯೆಲ್ಲ ಕಳೆದು ಒಂದು ಮಸಣದಷ್ಟು ನೆಲ ಮಾತ್ರ ಉಳಿದಾಗ ಅವನು ಅದನ್ನೂ ಕಾದನು. ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ಚಂದ್ರಮತಿ ನಡುರಾತ್ರಿಯಲ್ಲಿ ಬಂದಾಗ, ಒಡೆಯನಿಗೆ ಸಲ್ಲಬೇಕಾದ ತೆರೆಯನ್ನು ಕೊಡದೆ ಹೆಣ ಸುಡುವಂತಿಲ್ಲವೆಂದು ತಡೆದನು. ಎದುರಿಗಿರುವವಳು ತನ್ನ ಹೆಂಡತಿಯೆಂದೂ ಹೆಣ ಲೋಹಿತಾಶ್ವನದೆಂದೂ ತಿಳಿದ ಮೇಲೆಯೂ ಅವನು ಆ ಎಡೆಯಿಂದ ಕದಲಲಿಲ್ಲ. ಲೋಕವು ಅವನನ್ನು ಸತ್ಯಸಂಧನೆಂದು ಹೊಗಳುತ್ತದೆ, ಸರಿಯೇ. ಅವನ ಸತ್ಯವು ಮಾತಿನಲ್ಲಿ ಮಾತ್ರವಿರದೆ ಕಾಲೂರಿ ನಿಂತ ನೆಲದಲ್ಲಿಯೂ ಇತ್ತೆಂಬುದನ್ನು ಕಂಡುಕೊಟ್ಟದ್ದು ಕವಿಯ ಹಿರಿಮೆ.

ಕಾವಲು ಕೆಟ್ಟರೆ ಏನಾಗುತ್ತದೆಂಬುದಕ್ಕೂ ಜನಪದರಲ್ಲಿ ಕಥೆಗಳಿವೆ. ಉಣ್ಣದೆ ಉಡದೆ, ಪರರಿಗೂ ಕೊಡದೆ ಹೊನ್ನನ್ನು ಹೂತಿಟ್ಟ ಜಿಪುಣನು ಸತ್ತ ಮೇಲೆ ಸರ್ಪವಾಗಿ ಹುಟ್ಟಿ ಅದೇ ನಿಧಿಯನ್ನು ಸುತ್ತಿಕೊಂಡಿರುತ್ತಾನೆ. ಅವನ ಕಾಯುವಿಕೆಗೆ ಕೊನೆಯಿಲ್ಲ, ಏಕೆಂದರೆ ಅವನು ಯಾರಿಗಾಗಿಯೂ ಕಾಯುತ್ತಿಲ್ಲ. ಹಳೆಯ ಪತ್ತೇದಾರಿ, ಮಾಂತ್ರಿಕ ಕಾದಂಬರಿಗಳಿಗೂ ಸಿನಿಮಾಗಳಿಗೂ ಈ ಸರ್ಪ ಮುಗಿಯದ ಬಂಡವಾಳವಾಯಿತು; ಇಂದಿಗೂ ಯಾವ ಊರಿನಲ್ಲಿ ಗಲಭೆಯಾದರೂ ಮರುದಿನದ ಪತ್ರಿಕೆಯಲ್ಲಿ ‘ಪೊಲೀಸ್ ಸರ್ಪಗಾವಲು’ ಎಂಬ ಮಾತು ತಪ್ಪದೆ ಬರುತ್ತದೆ. 2022ರಲ್ಲಿ ತೆರೆಕಂಡ ‘ಕಾಂತಾರ’ ಚಿತ್ರವು ತುಳುನಾಡಿನ ಪಂಜುರ್ಲಿ, ಗುಳಿಗ ದೈವಗಳನ್ನು ದೇಶದ ಮೂಲೆಮೂಲೆಗೆ ಪರಿಚಯಿಸಿತು. ಅಲ್ಲಿಯೂ ಕಥೆಯ ಗಂಟು ಇರುವುದು ದೈವದ ಪವಾಡದಲ್ಲಲ್ಲ: ದೊರೆ ಜನರಿಗೆ ಬಿಟ್ಟುಕೊಟ್ಟ ನೆಲದ ಮಾತನ್ನು ಅವನ ವಂಶ ಮುರಿಯಹೊರಟಾಗ, ಆ ಮಾತಿಗೆ ಕಾವಲಾಗಿ ನಿಂತ ದೈವ ಏಳುತ್ತದೆ. ಅಯ್ಯನಕೆರೆಯ ದೇವತೆಗೂ ಈ ದೈವಕ್ಕೂ ಬಳಗದ ನಂಟುಂಟು.

ಈ ಪದ ಮನುಷ್ಯನನ್ನು ಬಿಟ್ಟು ಮಣ್ಣಿಗೂ ಅಂಟಿಕೊಂಡಿತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದು, ಆ ದನಗಳ ಮೇವಿಗಾಗಿ ಮೈಸೂರು ಸೀಮೆಯಲ್ಲೆಲ್ಲ ಕಾದಿರಿಸಿದ ಹುಲ್ಲುಗಾವಲುಗಳಿಗೆ ‘ಕಾವಲು’ ಎಂದೇ ಹೆಸರಾಯಿತು. ಬೇಸಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆಂದು ಅವನ್ನು ವಿಂಗಡಿಸಿ, ಹಿಂಡುಗಳನ್ನು ಒಂದರಿಂದ ಇನ್ನೊಂದಕ್ಕೆ ನಡೆಸುತ್ತಿದ್ದರು. ಬೆಂಗಳೂರಿನ ಕಾವಲ್ ಭೈರಸಂದ್ರ, ಜಾರಕಬಂಡೆ ಕಾವಲ್ ಎಂಬ ಹೆಸರುಗಳನ್ನು ಪ್ರತಿದಿನ ಆಡುವವರಿಗೆ, ಆ ಮಾತಿನೊಳಗೆ ದನವೂ ಹುಲ್ಲೂ ಕೋಲೂರಿ ನಿಂತ ಮನುಷ್ಯನೂ ಇರುವುದು ನೆನಪಾಗಲೆಂದು ನನಗೆ ಆಸೆ.

ಬೆಂಗಾವಲು, ಮೈಗಾವಲು, ಕಟ್ಟುಗಾವಲು ಎಂದು ಸಮಾಸಗಳನ್ನು ಕಟ್ಟುತ್ತ ಬಂದ ಕನ್ನಡ ಈಚೆಗೆ ‘ಕಣ್ಗಾವಲು’ ಎಂಬ ಹೊಸ ಮಾತನ್ನು ವಿಶೇಷವಾಗಿ ರೂಢಿಗೆ ತಂದುಕೊಂಡಿದೆ. ಸಿಸಿಟಿವಿ ಕ್ಯಾಮೆರಾ ಅಳವಡಿಸಿದ ಬೀದಿಯನ್ನು ಕಣ್ಗಾವಲಿನಲ್ಲಿರುವ ಬೀದಿಯೆನ್ನುತ್ತೇವೆ. ಪದರಚನೆ ಸುಂದರವಾಗಿದೆ, ವ್ಯಾಕರಣಕ್ಕೂ ಒಪ್ಪುತ್ತದೆ. ಆದರೆ ಕ್ಯಾಮೆರಾ ನೋಡುತ್ತದೆ, ನೆನಪಿಟ್ಟುಕೊಳ್ಳುತ್ತದೆ. ವರುಣನ ಚಾರರ ಕುಲಕ್ಕೆ ಸೇರಿದ ಅದಕ್ಕೆ ಕಾಯಲು ಮಾತ್ರ ಬಾರದು. ಕಳವಾದ ಮೇಲೆ ಕಳ್ಳನ ಮುಖವನ್ನು ತೋರಿಸುವ ಯಂತ್ರಕ್ಕೂ, ಕಳ್ಳನು ಬಾರದಂತೆ ಕೆಮ್ಮುತ್ತ ಬೀಡಿ ಹಚ್ಚುತ್ತ ಬೆಳಗು ಮಾಡುವ ಮುದುಕನಿಗೂ ಒಂದೇ ಹೆಸರು ಕೊಟ್ಟರೆ ಆ ಮುದುಕನಿಗೆ ಅನ್ಯಾಯವಾಗುತ್ತದೆ. ಅವನನ್ನೀಗ ನಾವು ‘ಸೆಕ್ಯೂರಿಟಿ’ ಎಂದು ಕರೆಯುತ್ತೇವೆ. ಯಂತ್ರಕ್ಕೆ ಆ ಹೆಸರಿರಲಿ. ಕಾವಲುಗಾರನೆಂಬ ಹೆಸರನ್ನು ಅವನಿಗೆ ಹಿಂದಕ್ಕೆ ಕೊಡೋಣ, ಜೊತೆಗೆ ಕುಳಿತುಕೊಳ್ಳಲು ಒಂದು ಕುರ್ಚಿಯನ್ನೂ.