ಕೋಟಿತೀರ್ಥದ ಮುಂಜಾನಿ ಬೆಳಕು

ಅಕ್ಕಾರ, ವೈನಿಯಾರ, ಕೊಲ್ಹಾಪುರಕ್ಕ ನಾವೆಲ್ಲಾ ಎಷ್ಟ ಸಲ ಹೋಗೇವಿ! ಅಂಬಾಬಾಯಿ ದರ್ಶನ, ಮಹಾದ್ವಾರ ರೋಡಿನ್ಯಾಗ ಸೀರಿ ಖರೀದಿ, ರಂಕಾಳಾ ದಂಡಿಮ್ಯಾಲ ಭೇಳ, ಆಮ್ಯಾಲ ಹೊಳ್ಳಿ ಊರಿಗೆ. ಅದ ಊರಾಗ ಕೋಟಿತೀರ್ಥ ಅಂತ ಒಂದು ಕೆರಿ ಐತಿ. ಅಲ್ಲಿ ನಿಂತು ನೋಡಿದವರು ನಮ್ಮೊಳಗ ಕಮ್ಮಿ. ಆ ಕೆರಿನ್ನ ವರ್ಷಾನುಗಟ್ಟಲೆ ನೋಡಿ ಚಿತ್ರಾ ಬರದವರು ಆಬಾಲಾಲ್ ರಹಿಮಾನ್.

ಅವರ ಚಿತ್ರದ ರೀತಿ ತಿಳಿಬೇಕಂದ್ರ ನಮ್ಮ ದೂಧಗಂಗಾ ಹೊಳಿನ್ನ ನೆನಸ್ರಿ. ಥಂಡಿ ದಿನದಾಗ ನೀರಮ್ಯಾಲ ಧುಕ ಕುಂತಾಗ ಆಚಿ ದಂಡಿ ಗಿಡಾ ಕಾಣಂಗಿಲ್ಲ. ಹೊತ್ತು ಏರಿದಂಗ ಒಂದೊಂದ ಕಾಣತಾವ. ಆ ಒಂದು ಗಳಿಗಿ ಕಣ್ಣಿಗೆ ಹೆಂಗ ಕಂಡಿತೋ ಹಂಗ ಬರೆಯೂದಕ್ಕ ಇಂಪ್ರೆಷನಿಸಂ ಅಂತಾರ.

1872ರಾಗ ಫ್ರಾನ್ಸಿನ ಕ್ಲೋದ್ ಮೋನೆ ಅನ್ನಾವರು ಲ ಹಾವ್ರ್ ಬಂದರದ ಮಂಜಿನ ಮುಂಜಾನಿ ಬರದು, ಆ ಚಿತ್ರಕ್ಕ ‘ಇಂಪ್ರೆಷನ್, ಸೂರ್ಯೋದಯ’ ಅಂತ ಹೆಸರಿಟ್ಟರು. 1874ರ ಪ್ರದರ್ಶನದಾಗ ಅದನ್ನ ನೋಡಿ ಒಬ್ಬ ಪತ್ರಿಕಾದಾವ ಚೇಷ್ಟಿ ಮಾಡಿ ಬರದ. ಆ ಚೇಷ್ಟಿ ಹೆಸರ ಮುಂದ ಇಡೀ ಗುಂಪಿಗೆ ಕಾಯಂ ಆತು. 1899ರಿಂದ 1901ರ ತನಕ ಮೋನೆ ಮೂರು ಸಲ ಲಂಡನ್ನಿಗೆ ಹೋದರು. ಅಲ್ಲಿ ಕಲ್ಲಿದ್ದಲಿ ಹೊಗಿ ಕೂಡಿದ ಮಂಜು. ಆ ಮಂಜಿನ್ಯಾಗ ಥೇಮ್ಸ್ ದಂಡಿಯ ಪಾರ್ಲಿಮೆಂಟ್ ಕಟ್ಟಡಾನ ಮತ್ತ ಮತ್ತ ಬರದರು. ಬೆಳಕು ಬದಲಾತಂದ್ರ ಆ ಕ್ಯಾನ್ವಾಸ್ ಬಿಟ್ಟು ಇನ್ನೊಂದು ತಗೊಂತಿದ್ದರು.

ಇತ್ತ ಕೊಲ್ಹಾಪುರದಾಗ ಆಬಾಲಾಲರು ಮಾಡಿದ್ದೂ ಅಂಥಾದ್ದ. ಮುಂಬೈಯ ಜೆ. ಜೆ. ಕಲಾಶಾಲಿಯೊಳಗ ಕಲತು ಬಂದವರು. ಶಾಹೂ ಮಹಾರಾಜರು ಅವರಿಗೆ ಆಸರಾ ಕೊಟ್ಟರು. ಶಾಲಿ ಕಲಿಸಿದ್ದು ರೇಖಿ ತಪ್ಪದಂಗ ಬರೆಯೂದನ್ನ. ಕೋಟಿತೀರ್ಥದ ದಂಡಿಗೆ ಬಂದ ಮ್ಯಾಲ ಅವರ ಕುಂಚದಾಗ ರೇಖಿಗಿಂತ ಬೆಳಕು ಮುಂದಾತು. ಅದ ನೀರು, ಅದ ಗಿಡಾ, ಖರೆ ಮುಂಜಾನಿದೊಂದು ಬಣ್ಣ, ಸಂಜಿದೊಂದು ಬಣ್ಣ.

1922ರಾಗ ಶಾಹೂ ಮಹಾರಾಜರು ತೀರಿಕೊಂಡರು. ಆ ದುಃಖದಾಗ ಆಬಾಲಾಲರು ತಮ್ಮ ಎಷ್ಟೋ ಚಿತ್ರಾ ಕೋಟಿತೀರ್ಥದ ನೀರಿಗೇ ಬಿಟ್ಟರಂತ ಕೊಲ್ಹಾಪುರದ ಮಂದಿ ಇಂದಿಗೂ ಹೇಳತಾರ. 1931ರಾಗ ಅವರೂ ಹೋದರು.

ಇದನ್ನ ಓದಿದಾಗಿಂದ ನನಗ ಸಮಾಧಾನ ಇಲ್ಲ ನೋಡ್ರಿ. ಮೋನೆಯ ಲಂಡನ್ ಮಂಜು ದೊಡ್ಡ ದೊಡ್ಡ ಮ್ಯೂಸಿಯಂದಾಗ ಜ್ವಾಪಾನ ಐತಿ. ನಮ್ಮ ಬಾಜೂ ಊರಿನ ಕೆರಿ ಮ್ಯಾಲ ನೂರು ವರ್ಷದ ಹಿಂದ ಬಿದ್ದ ಬೆಳಕು ಕೆರಿ ತಳಕ್ಕ ಹೋತು. ಮಹಾರಾಜರ ಪದರಿನ ಕಲಾವಿದರ ಕೆಲಸದ ಗತಿ ಹಿಂಗಾದ್ರ, ನಮ್ಮ ಅವ್ವಂದಿರು ಹೊಲಿದ ಕೌದಿ, ಗ್ವಾಡಿ ಮ್ಯಾಲ ಬರದ ಚಿತ್ತಾರ ಯಾರು ಕಾದಾರು? ನಾನs ಸಾಲಿಯಾಗ ಚಿತ್ರಾ ತಗದ ವಹಿ ರದ್ದಿಗೆ ಹಾಕೇನಿ.

ಉಳದ ಆಬಾಲಾಲರ ಚಿತ್ರಾ ಕೆಲವು ಕೊಲ್ಹಾಪುರದ ಟೌನ್ ಹಾಲ್ ಮ್ಯೂಸಿಯಂದಾಗ ಅದಾವ, ಸಿಪಿಆರ್ ದವಾಖಾನಿ ಎದರಿಗೇ. ಮುಂದಿನ ಸಲ ಅಂಬಾಬಾಯಿ ದರ್ಶನಾ ಆದ ಕೂಡಲೆ ಸೀರಿ ಅಂಗಡಿಗಿಂತ ಮೊದಲ ಅಲ್ಲಿಗೆ ಹೋಗೂಣು. ಯಾರ್ಯಾರು ಬರತೀರಿ, ಹೇಳ್ರಿ.